ಕಂಡವರು

ಅಂಬಾಜಿದುರ್ಗದ ಬಂಡೆ ಹಗಲಿನ ಕಾವನ್ನು ಇನ್ನೂ ಬಿಟ್ಟಿಲ್ಲ.
ಬಲೆಮನೆಗೆ ಎರಡು ಬಾಗಿಲು, ಎರಡು ಬೀಗ, ನಡುವೆ ನಾನು,
ಪಿಳ್ಳಪ್ಪ, ರಾತ್ರಿ ಪಾಳಿ, ಕೈಲೊಂದು ಬ್ಯಾಟರಿ.

ಒಳಗೆ ರಾಗಿ.
ನೋಡಲಿಕ್ಕೆ ನಮ್ಮ ರಾಗಿಯೇ, ಅದೇ ಮುಷ್ಟಿ ಕಟ್ಟಿದ ತೆನೆ.
ಕಾಳು ಒಡೆದರೆ ಒಳಗೆ
ಮಾವಿನಹಣ್ಣಿನ ಬಣ್ಣ ಅಂತಾರೆ ಇಶ್ರತ್ ಮೇಡಂ.
ಮುಸುಕಿನ ಜೋಳದಿಂದ ಒಂದೆಳೆ,
ಮಣ್ಣಲ್ಲಿರೋ ಕಣ್ಣಿಗೆ ಕಾಣದ ಜೀವಿಯಿಂದ ಒಂದೆಳೆ
ಕಿತ್ತು ಹೊಲಿದಿದ್ದಾರಂತೆ.
ದಾರ ಕಾಣಲ್ಲ. ಹುಡುಕಿದ್ದೀನಿ.

"ಮುದ್ದೆ ಹಳದಿಯಾದರೆ ಉಣ್ತೀರಾ ಪಿಳ್ಳಪ್ಪಾ?"
"ಸಾರು ಹೆಂಗಿದೆ ಅನ್ನೋದರ ಮೇಲೆ ಮೇಡಂ."
ನಕ್ಕರು. ಅದನ್ನೂ ಬರೆದುಕೊಂಡರು.

ಅವರಿಗೆ ಹೇಳದ್ದು ಒಂದಿದೆ.
ಏಳು ವರ್ಷದವನಿದ್ದಾಗ
ಗುಬ್ಬಿ ಗೂಡು ಸೇರೋ ಹೊತ್ತಿಗೆ
ನನ್ನ ಕಣ್ಣೂ ಬಾಗಿಲು ಹಾಕುತ್ತಿದ್ದವು.
ಬಟ್ಟೆ ಕಟ್ಟದೆಯೇ ನಾನು ಕಣ್ಣಾಮುಚ್ಚಾಲೆಯ ಕಳ್ಳ.
ಮೂರು ಹೊತ್ತೂ ಸಂಗಟಿ, ಹುರುಳಿಕಟ್ಟು;
ಹೊಟ್ಟೆಗೇನೂ ಕೊರತೆಯಿರಲಿಲ್ಲ,
ಕಣ್ಣಿಗಿತ್ತು.
ಗುಟ್ಟೆಯಿಂದ ನನ್ನನ್ನು ಮನೆಗೆ ತರುತ್ತಿದ್ದುದು ಚುಕ್ಕಿ,
ಕರೀ ಮೇಕೆ, ಹಣೇಲಿ ಬಿಳಿ ಬೊಟ್ಟು.
ಅದರ ಕಿವಿ ಹಿಡಿದರೆ ಸಾಕು,
ಹಳ್ಳ, ಕಳ್ಳಿ, ತಿರುವು, ಹೊಸ್ತಿಲು
ಎಲ್ಲ ಆ ಕಿವಿಯಲ್ಲೇ ಗೊತ್ತಾಗುತ್ತಿತ್ತು.

ಕೈವಾರದ ಕಡೆಯ ಮುದುಕಿಯೊಬ್ಬಳು ಅಂದಳು, ಮೇಕೆ ಕಾರ್ಜ ಕೊಡು.
ಅಮ್ಮ ಎರಡು ದಿನ ಸುಮ್ಮನಿದ್ದಳು.
ಮನೇಲಿದ್ದದ್ದು ಒಂದೇ ಮೇಕೆ.
ಕೆಂಡದ ಮೇಲೆ ಸುಟ್ಟು, ಉಪ್ಪು ಸವರಿ,
ತುತ್ತು ತುತ್ತಾಗಿ ತಿನ್ನಿಸಿದಳು.
ಯಾವುದು ಅಂತ ನಾನು ಕೇಳಲಿಲ್ಲ. ರುಚಿಯಾಗಿತ್ತು.
ನಾಲ್ಕನೇ ರಾತ್ರಿ ಹಿತ್ತಲಿಗೆ ಒಬ್ಬನೇ ಹೋದೆ.
ಖಾಲಿ ಗೂಟ ಕಂಡಿತು.

ಕಟಾವಾದ ಮೇಲೆ ಇದನ್ನೆಲ್ಲ ಸುಡಬೇಕಂತೆ,
ತೂಕ ಹಾಕಿ, ಲೆಕ್ಕ ಬರೆದು, ಒಂದು ಕಾಳೂ ಉಳಿಯದ ಹಾಗೆ.
ಊರು ಉಣ್ಣೋ ಮುಂಚೆ ಎಷ್ಟೋ ಸಲ ಬೆಂಕಿ ಉಣ್ಣಬೇಕು, ಕಾನೂನು.
ಟೀ ಅಂಗಡೀಲಿ ಕೆಲವರು ಇದು ವಿಷ ಅಂತಾರೆ,
ಅವರೇ ಕತ್ತಲಾದ ಮೇಲೆ ಬಂದು ಬೀಜ ಕೇಳ್ತಾರೆ.
"ಹೊನಗೊನ್ನೆ ಸೊಪ್ಪಿಗೇನು ಬಂದಿತ್ತು ರೋಗ?" ನನ್ನ ಹೆಂಡತಿ.
ಬದುವಿಗೆಲ್ಲ ಕಳೆ ಔಷಧಿ ಹೊಡೆದು
ಬೆರಕೆ ಸೊಪ್ಪಿನ ಹುಟ್ಟಡಗಿಸಿದವನು ಅವಳ ತಮ್ಮನೇ.
ನಾನು ಯಾರ ಕಡೆಗೂ ಮಾತಾಡೋದಿಲ್ಲ,
ನನ್ನದು ಕಾಯೋ ಕೆಲಸ.

ಇವತ್ತು ಸಂಜೆ ಆರೂಮುಕ್ಕಾಲು.
ಬಲೆ ಹರಿದ ಮೂಲೆಯಿಂದ ಗುಬ್ಬಿಯೊಂದು ನುಸುಳಿ ಹೊರಬಿತ್ತು.
ಕೊಕ್ಕಲ್ಲಿ ಏನೋ ಇತ್ತು.
ಮಬ್ಬು. ಬೇರೆಯವರಿಗೆ ಕಾಣುವಂಥದಲ್ಲ.
ಬರೆದರೆ ಮೇಡಮ್ಮಿನ ಮೂರು ವರ್ಷ
ಮತ್ತೆ ಒಂದರಿಂದ ಶುರುವಾಗಬಹುದು.
ಬರೆಯದಿದ್ದರೆ
ಅದೊಂದು ಗುಬ್ಬಿ.

ದಬ್ಬಳ ತಂದು ಬಲೆಗೆ ಹೊಲಿಗೆ ಹಾಕಿದೆ.
ಪುಸ್ತಕ ತೆಗೆದೆ. ಬ್ಯಾಟರಿ ಹಚ್ಚಲಿಲ್ಲ, ಬೇಕಾಗಲಿಲ್ಲ.
ಮೊದಲು ತಾರೀಕು, ಆಮೇಲೆ ಗಂಟೆ.
ಕಂಡವರು ಅನ್ನೋ ಖಾನೆಯಲ್ಲಿ
ನನ್ನ ಹೆಸರು.