ಒಂದನೇ ಸಂಪುಟ

ನಮ್ಮ ಶಾಖೆಯಲ್ಲಿ ದೊಡ್ಡ ನಿಘಂಟು
ಶುರುವಾಗುವುದೇ ಎರಡನೇ ಸಂಪುಟದಿಂದ.
ಮೊದಲನೆಯದನ್ನು ಯಾರು ಒಯ್ದರೋ, ಯಾವ ಮಳೆಗೆ ಮುದ್ದೆಯಾಯಿತೋ.
ನಾನು ಚಾರ್ಜು ತಗೊಂಡಾಗಲೇ
ಆ ಜಾಗದಲ್ಲಿ ಒಂದು ಇಟ್ಟಿಗೆ ಇತ್ತು,
ಉಳಿದವು ವಾಲದಿರಲೆಂದು.

ಚಾಮರಾಜಪೇಟೆ, ಆಸ್ಪತ್ರೆಯ ಹಿಂಗೋಡೆಗೆ ಅಂಟಿಕೊಂಡ ಕಟ್ಟಡ.
ಬೆಳಿಗ್ಗೆ ಪೇಪರಿನವರು, ಮಧ್ಯಾಹ್ನ ಕೆಎಎಸ್ ಹುಡುಗರು,
ಫ್ಯಾನಿನ ಕೆಳಗಿನ ಕುರ್ಚಿಗೆ ದಿನವೂ ವ್ಯಾಜ್ಯ.
'ಪರಾಮರ್ಶನ ವಿಭಾಗ' ಎಂಬ ಬೋರ್ಡಿನಡಿ ನಾನು.
ಜನ ಕೇಳುವುದು ಹೆಚ್ಚಾಗಿ ಎರಡೇ:
ಟಾಯ್ಲೆಟ್ ಎಲ್ಲಿ, ಗಮ್ ಇದೆಯಾ.

ಆವತ್ತು ಮೂರೂವರೆಗೆ ಬಂದವಳು ನರ್ಸು ಲಿನ್ಸಿ,
ಕೊಟ್ಟಾಯಂ ಕಡೆಯವಳು, ವಾರ್ಡಿನ ಚಪ್ಪಲಿಯಲ್ಲೇ ಓಡಿಬಂದಿದ್ದಳು.
ಇಂಜೆಕ್ಷನ್ ಡಬ್ಬಿಯ ರಟ್ಟು ಹರಿದು
ಮಲಯಾಳದಲ್ಲಿ ಬರೆದುಕೊಂಡಿದ್ದಳು ಒಂದು ಪದ.
"ಮೇಡಂ, ಹನ್ನೊಂದನೇ ಬೆಡ್ಡಿನ ಅಮ್ಮ
ರಾತ್ರಿಯಿಂದ ಇದೇ ಹೇಳ್ತಾರೆ. ಅಳ್ಳೆ, ಅಳ್ಳೆ.
ಎಲ್ಲಿ ತೋರಿಸಿ ಅಂದ್ರೆ ಮೈಯೆಲ್ಲಾ ತೋರಿಸ್ತಾರೆ.
ನಮ್ಮ ಆಯಾ ತಮಿಳು, ವಾರ್ಡ್ ಬಾಯ್ ಬಿಹಾರಿ.
ಡಾಕ್ಟರ್ ಅಲರ್ಜಿ ಅಂತ ಬರೆದಿದ್ದಾರೆ,
ಪಕ್ಕದಲ್ಲಿ ಪ್ರಶ್ನೆ ಚಿಹ್ನೆ."

ನನಗೆ ಗೊತ್ತಿರಬೇಕಿತ್ತು.
ಸೊಂಟ ಗೊತ್ತು, ಪಕ್ಕೆ ಗೊತ್ತು,
ಇದು ಎಲ್ಲೋ ಕೇಳಿದ ಹಾಗಿತ್ತು,
ಕದ ತಟ್ಟಿ ಓಡಿಹೋದ ಹುಡುಗನ ಹಾಗೆ.
ಮೊಬೈಲಿಗೆ ಕೇಳಿದೆ. 'ಹಳ್ಳಿ' ಎಂದಿರಾ, ಅಂತು.
ಅಭ್ಯಾಸಬಲದಿಂದ ಕೈ ಕಪಾಟಿಗೆ ಹೋಗಿ
ಇಟ್ಟಿಗೆ ಮುಟ್ಟಿತು.

ಬಸವನಗುಡಿಯ ಕಾಲೇಜಿಗೆ ಫೋನು ಹಚ್ಚಿದೆ.
ವೀರಭದ್ರಾಚಾರ್ ಅಂದರು: ಇದೆ, ಬೀರುವಿನಲ್ಲಿ,
ಬೀಗದಕೈ ಪ್ರಿನ್ಸಿಪಾಲರ ಜೇಬಿನಲ್ಲಿ, ಜೇಬು ಮೈಸೂರಿನಲ್ಲಿ.
ಗವಿಪುರದ ಟ್ರಸ್ಟಿನಲ್ಲಿ ಪುಸ್ತಕ ಸಿಕ್ಕಿತು,
ಆ ಪುಟ ಗೆದ್ದಲಿಗೆ ಸಿಕ್ಕಿತ್ತು.
ಮಲ್ಲೇಶ್ವರದ ಶರ್ವಾಣಿ, ಲೈನಿನಲ್ಲೇ ಇರಿ ಅಂದಳು.
ಏಣಿ ಎಳೆದ ಸದ್ದು. ಒಂದು ಸೀನು.
ಪುಟ ಮಗುಚುವ ಸದ್ದು.

ಲೈಬ್ರರಿಯವರ ಬದುಕು ಇಷ್ಟೇ:
ಹೆಪ್ಪು ಮುಗಿದ ಮನೆಯವರು
ಪಕ್ಕದ ಬಾಗಿಲಲ್ಲಿ ಲೋಟ ಹಿಡಿದು ನಿಂತ ಹಾಗೆ.
ಒಂದು ಚಮಚ ಸಾಕು.
ಕೊಟ್ಟವರ ಮೊಸರು ಕಡಿಮೆಯಾಗುವುದಿಲ್ಲ.

"ಅಳ್ಳೆ, ನಾಮಪದ," ಓದಿದಳು ಶರ್ವಾಣಿ,
"ಪಕ್ಕೆಲುಬಿಗೂ ಸೊಂಟಕ್ಕೂ ನಡುವಿನ ಮೆತ್ತನೆಯ..."
ಅಷ್ಟರಲ್ಲಿ ಪೊರಕೆ ನಿಲ್ಲಿಸಿ ಮುನಿತಾಯಮ್ಮ,
"ಅಳ್ಳೆನಾ? ಎತ್ತು ಓಡಿಬಂದು ನಿಂತಾಗ
ಬಡಕೊಳ್ತದಲ್ಲವ್ವ, ಅದು," ಎಂದು
ಲಿನ್ಸಿಯ ಬಿಳಿ ಸಮವಸ್ತ್ರದ ಮೇಲೆ
ಸರಿಯಾಗಿ ಆ ಜಾಗಕ್ಕೆ ಎರಡು ಬೆರಳೊತ್ತಿದಳು.
ಲಿನ್ಸಿ ಅಲ್ಲಿಂದ ಬೆನ್ನಿನತ್ತ ಕೈ ಸರಿಸಿ
"ಕಿಡ್ನಿ" ಅಂದಳು, ತನಗೇ ಎಂಬಂತೆ.
ನನ್ನ ಪೆನ್ನು ಹಿಡಿದುಕೊಂಡೇ ಓಡಿದಳು.

ರಿಜಿಸ್ಟರು ತುಂಬಿಸಬೇಕು.
ಪ್ರಶ್ನೆ: ಅಳ್ಳೆ ಎಂದರೇನು.
ಕೇಳಿದವರು: ಹನ್ನೊಂದನೇ ಬೆಡ್ಡು.
ಹಿಡಿದ ಸಮಯ: ಇಪ್ಪತ್ತಾರು ನಿಮಿಷ.
ಆಕರ ಎಂಬ ಕಾಲಮ್ಮಿನಲ್ಲಿ
ಮಲ್ಲೇಶ್ವರ ಶಾಖೆ, ಸಂಪುಟ ಒಂದು, ಎಂದು ಬರೆದ ಮೇಲೂ
ಸ್ವಲ್ಪ ಜಾಗ ಉಳಿದಿತ್ತು.
ಮುನಿತಾಯಮ್ಮ ಎಂದೂ ಸೇರಿಸಿದೆ.
ತಪಾಸಣೆಗೆ ಬಂದವರು ಕೇಳಿದರು,
ಇದು ಯಾವ ಪ್ರಕಾಶನ?

ಆ ಅಮ್ಮನಿಗೆ ಏನಾಯಿತೋ ತಿಳಿಯಲಿಲ್ಲ.
ನಮ್ಮ ಮೇಜಿಗೆ ಪ್ರಶ್ನೆ ಬರುತ್ತದೆ, ಕಥೆಯ ಕೊನೆ ಬರುವುದಿಲ್ಲ.
ಪೆನ್ನು ಮಾತ್ರ ಬಂತು, ಬಿಹಾರಿ ಹುಡುಗನ ಕೈಲಿ,
ಕ್ಯಾಪು ಇರಲಿಲ್ಲ.

ಮರುವಾರ ಶರ್ವಾಣಿ ಸಂಪುಟವನ್ನೇ ಕಳಿಸಿದಳು,
ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಬಸ್ಸಿನಲ್ಲಿ,
ಎರವಲು, ಹದಿನೈದು ದಿನಕ್ಕೆ.
ಇಟ್ಟಿಗೆ ತೆಗೆದು ಅಲ್ಲಿಟ್ಟೆ.
ಹದಿನೈದು ದಿನ ನಮ್ಮ ಶಾಖೆಯ ಕನ್ನಡವೂ
'ಅ'ದಿಂದ ಶುರುವಾಯಿತು.

ಇಟ್ಟಿಗೆ ಎಸೆಯಲಿಲ್ಲ. ಮೇಜಿನಡಿ ಇತ್ತು.
ವಾಪಸು ಕೊಡುವ ದಿನ ಬೇಕಲ್ಲ.