ಅಂಚೆಯವಳ ಲೆಕ್ಕ

ಮನೆ ಕಟ್ಟಿ ನೋಡು ಅನ್ನುತ್ತಾರಲ್ಲ,
ಅದಕ್ಕೂ ಮೊದಲು
ಎಷ್ಟು ಕಟ್ಟಬೇಕೆಂದು ಎಣಿಸಿ ನೋಡು.
ಸ್ಕಾಟ್ಲೆಂಡಿನ ಪಡುವಣ ಕರೆಯ ಒಂದು ಕೌನ್ಸಿಲಿನಲ್ಲಿ
ಹನ್ನೊಂದು ವರ್ಷದಿಂದ
ಊನಾ ಗಿಲ್ಯಾಂಡರ್ಸ್‌ಗೆ ಅದೇ ಕೆಲಸ.
(ಊನ ಎಂದರೆ ನಮ್ಮಲ್ಲಿ ಕೊರತೆ.
ಅವಳಿಗದು ಗೊತ್ತಿಲ್ಲ. ಗೊತ್ತಾದರೆ ನಕ್ಕಾಳು.)

ಹಳೆಯ ವರದಿ ಇನ್ನೂರ ಹದಿನಾಲ್ಕು ಪುಟ.
ಬರೆದು ಮುಗಿಯುವಷ್ಟರಲ್ಲಿ
ಅದರೊಳಗಿನ ಮಗು ಶಾಲೆ ಸೇರಿರುತ್ತಿತ್ತು,
ಅದರೊಳಗಿನ ಮುದುಕ ಮಣ್ಣು ಸೇರಿರುತ್ತಿದ್ದ,
ಅದರೊಳಗಿನ ಬಾಡಿಗೆ
ಗುರುತೇ ಸಿಗದ ಹಾಗೆ ಬೆಳೆದುಬಿಟ್ಟಿರುತ್ತಿತ್ತು.
ದಿನಕ್ಕೆ ಇಷ್ಟು ಪೌಂಡೆಂದು ಪಡೆದ ಸಲಹೆಗಾರರು
ಅಗತ್ಯ ಬೇರೆ, ಬೇಡಿಕೆ ಬೇರೆ ಎಂದು
ಮೂವತ್ತು ಪುಟ ವಿವರಿಸಿದ್ದರು:
ದುಡ್ಡಿದ್ದವನದು ಬೇಡಿಕೆ,
ಇಲ್ಲದವನದು ಅಗತ್ಯ.
ಅಷ್ಟೇ. ಒಂದು ಸಾಲು ಸಾಕಿತ್ತು.

ಆದ್ದರಿಂದ ಸುತ್ತೋಲೆ ಬಂದ ದಿನ,
ಇನ್ನು ಎಲ್ಲ ಸರಳ, ಒಂದೇ ತಖ್ತೆ,
ನಾಲ್ಕು ಅಂಕಿ ತುಂಬಿದರೆ ಐದನೆಯದು ತಾನೇ ಬರುತ್ತದೆ
ಎಂದು ಓದಿದ ದಿನ,
ಊನಾ ಕಚೇರಿಗೆಲ್ಲ ಕೇಕು ಹಂಚಿದಳು.
ಕುಹಕವಲ್ಲ, ನಿಜಕ್ಕೂ ಖುಷಿ.

ಸ್ಕಾರ್ವೆ ದ್ವೀಪಕ್ಕೆ ತುಂಬಿದಳು.
ಐದನೆಯ ಚೌಕದಲ್ಲಿ ಬಂತು: ಎರಡು.
ಎರಡು ಮನೆ. ಹತ್ತು ವರ್ಷಕ್ಕೆ.
ಅರ್ಜಿ ಹಾಕಿದವರಿಲ್ಲವಲ್ಲ,
ಜನಸಂಖ್ಯೆ ಇಳಿಯುತ್ತಿದೆಯಲ್ಲ,
ಹೋಗುವವರಿಗೆ ಮನೆ ಯಾಕೆ?

ಸರಳವಾದದ್ದೆಲ್ಲ ಸುಳ್ಳಾಗಬೇಕೆಂದಿಲ್ಲ.
ಆದರೂ ಗುರುವಾರದ ಫೆರಿ ಹತ್ತಿದಳು.

ಕೆಂಪು ವ್ಯಾನಿನ ಡೋಲಿನಾ,
ಮೂವತ್ತು ಚಳಿಗಾಲ ಒಂದೇ ರಸ್ತೆಗೆ ಕಾಗದ ಹಂಚಿದವಳು,
ಪಕ್ಕದ ಸೀಟಿನ ಪಾರ್ಸಲ್ಲು ಸರಿಸಿ ಜಾಗ ಕೊಟ್ಟಳು.
"ನೋಡು," ಅಂದಳು, ಗೇರು ಬದಲಿಸುತ್ತ,
"ಈ ಬಾಗಿಲಿಗೆ ಮೂರು ಮನೆತನದ ಹೆಸರಲ್ಲಿ ಕಾಗದ.
ತಾಯಿ, ಮಗಳು, ಅವಳ ಗಂಡ, ಹೊಟ್ಟೆಯಲ್ಲೊಂದು.
ಆ ನೀಲಿ ಕ್ಯಾರವಾನಿಗೆ ವಿಳಾಸವೇ ಇಲ್ಲ,
ಸಾಮನ್ ಸಾಕಣೆಯ ಹುಡುಗನದು
'ದೋಣಿಶೆಡ್ಡಿನ ಹಿಂದೆ' ಅಂತ ಬರುತ್ತದೆ, ಕೊಡುತ್ತೇನೆ.
ಮುದುಕರ ಆರೈಕೆಗೆ ಬಂದ ಇಲ್ಜೆ
ಮೇ ತಿಂಗಳಿಗೆ ಗಂಟುಮೂಟೆ ಕಟ್ಟಬೇಕು;
ಪ್ರವಾಸಿಗಳ ಒಂದು ವಾರದ ಬಾಡಿಗೆ ಅವಳ ತಿಂಗಳಿನದು.
ಇಗೋ ಈ ಏಳು ಮನೆಗೆ
ಅಕ್ಟೋಬರಿನಿಂದ ಈಸ್ಟರಿನ ತನಕ
ಕರೆಂಟು ಬಿಲ್ಲು ಬಿಟ್ಟು ಏನೂ ಬರುವುದಿಲ್ಲ."

"ಮತ್ತೆ ಇವರು ಯಾಕೆ ಅರ್ಜಿ ಹಾಕಿಲ್ಲ?"

ಡೋಲಿನಾ ವ್ಯಾನು ನಿಲ್ಲಿಸಿದಳು. ಕುರಿಗಳು ದಾಟಬೇಕಿತ್ತು.
"ಬಾರದ ಬಸ್ಸಿಗೆ
ಯಾರಾದರೂ ಕ್ಯೂ ನಿಲ್ಲುತ್ತಾರಾ?"

ರಸ್ತೆ ಮುಗಿದು ಕಡಲು ಎದುರಾಗುವಷ್ಟರಲ್ಲಿ
ಲಕೋಟೆಯೊಂದರ ಬೆನ್ನಿಗೆ ಹನ್ನೊಂದು ಗೀಟು.
ಎರಡು ಗಂಟೆಯ ಕೆಲಸ.
ಇದಕ್ಕಿಂತ ಸರಳ
ಯಾವ ಸುತ್ತೋಲೆ ಹೇಳೀತು?

ರಾಜಧಾನಿಯಿಂದ ಉತ್ತರ:
ಮೂಲ ದೃಢವಲ್ಲ, ವಿಶ್ವಾಸಾರ್ಹವಲ್ಲ.
ಅಂಚೆಯವಳ ಮಾತಿಗೆ ಕಾಲಮ್ಮಿಲ್ಲ.

ಎರಡು ವಾರದ ಮೇಲೆ
ದಪ್ಪ ಕಂದು ಲಕೋಟೆ ಬಂತು, ಚೀಟಿ ಅಂಟಿಸಿರಲಿಲ್ಲ.
ಒಳಗೆ ಹನ್ನೊಂದು ಅರ್ಜಿ,
ಒಂದರ ಮೇಲೆ ಚಹಾದ ಕಲೆ,
ಒಂದರ ಅಂಚು ಮಗು ಕಚ್ಚಿದ್ದು.
ದಂಡದ ಹಣ ಊನಾ ತನ್ನ ಪರ್ಸಿನಿಂದಲೇ ಕೊಟ್ಟಳು.

ಒಂದೊಂದಾಗಿ ಏರಿಸಿದಳು.
ಚೌಕ ಕದಲಿತು. ಮೂರು, ನಾಲ್ಕು,
ಊಟದ ಹೊತ್ತಿಗೆ ಹನ್ನೆರಡು.

ಕೊನೆಯದೊಂದು ಉಳಿಯಿತು.
ಮನೆ ಕೇಳುವವನು ಮೊದಲು
ಈಗಿರುವ ಮನೆಯ ವಿಳಾಸ ಬರೆಯಬೇಕು.
ಆ ಜಾಗ ಖಾಲಿ ಬಿಡುವಂತಿಲ್ಲ.

ದೋಣಿಶೆಡ್ಡಿನ ಹಿಂದೆ,
ಟೈಪಿಸಿದಳು.
ಪರದೆ ಕೆಂಪಾಯಿತು.
ದೋಣಿಶೆಡ್ಡಿನ ಹಿಂದೆ,
ಮತ್ತೆ ಟೈಪಿಸಿದಳು, ಈ ಸಲ
ಒಂದೊಂದೇ ಅಕ್ಷರ.