ಮೂರನೇ ಮಹಡಿ, ಹಿಂಬದಿ

ಗುರುವಾರ ಗುರುವಾರ ನಾನು
ಡಂಡೀ ಊರಿನ ಗ್ರಂಥಾಲಯದ ಮೇಲಟ್ಟ ಹತ್ತುತ್ತೇನೆ.
ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲು ಮಾತ್ರ.
ಕೊಡೆಯನ್ನು ಬಾಗಿಲಲ್ಲೇ ಇಡಬೇಕು.
ಮನೆಯಲ್ಲಿ ಕೇಳಿ ಬೆಳೆದ ಕತೆಯನ್ನು ಎಲ್ಲಿಡಬೇಕೆಂದು
ಯಾರೂ ಹೇಳಲಿಲ್ಲ, ಒಳಗೇ ತಂದಿದ್ದೆ.

ಕತೆ ಇಷ್ಟೇ: ಮುತ್ತಜ್ಜ ಹೆಂಡ್ರಿ ಡೋರ್ವರ್ಡ್
ತಿಮಿಂಗಿಲದ ಬೇಟೆಗೆ ಹೋದವನು
ಮಂಜುಗಡ್ಡೆಯ ನಡುವೆ ಸತ್ತ.
ಅಮ್ಮ ಸೂಪು ಕಲಕುತ್ತ ಹೇಳುತ್ತಿದ್ದಳು.
ಯಾವ ಹಡಗು ಎಂದು ಕೇಳಿದರೆ
ಉಪ್ಪು ಹಾಕುವುದು ನೆನಪಾಗುತ್ತಿತ್ತು ಅವಳಿಗೆ.

ಊರಿನ ಡೈರೆಕ್ಟರಿ, ವರ್ಷಕ್ಕೊಂದು, ಕೆಂಪು ರಟ್ಟು.
ಮೊದಲು ಜಾಹೀರಾತು: ಕೆಮ್ಮಿನ ಔಷಧಿ,
ಮಗ್ಗುಲಲ್ಲೇ ಶವಪೆಟ್ಟಿಗೆಯವನು, ಕಂತಿನ ಸೌಲಭ್ಯ ಉಂಟು.
ಆಮೇಲೆ ಜನ.
ಇಲ್ಲಿ ಮನುಷ್ಯರೆಂದರೆ ಒಂದು ಸಾಲು:
ಹೆಸರು, ಕಸುಬು, ಬೀದಿ.
ಒಂದೊಂದು ಕಡೆ ಅಚ್ಚಿನವನು ಪೂರ್ಣವಿರಾಮ ಮರೆತಿದ್ದಾನೆ
ಆ ಬಡಗಿ ಇನ್ನೂ ಉಳಿ ಹಿಡಿದು ಕೂತಿರಬಹುದು ಎನಿಸುತ್ತದೆ

‘ಜಿಲ್ಲೆಯ ಗಣ್ಯರು’ ಬೇರೆಯೇ ಸಂಪುಟ, ಎತ್ತಿದರೆ ಮಣಿಕಟ್ಟು ನೋವು.
ಸೆಣಬಿನ ಗಿರಣಿಯ ಧಣಿಗೆ ಅದರಲ್ಲಿ ಎರಡೂವರೆ ಪುಟ;
ಗಡ್ಡವೇ ಅರ್ಧ ಪುಟ. ಕುದುರೆಯ ಹೆಸರೂ ಇದೆ.
ಗಿರಣಿಯ ಸದ್ದಿಗೆ ಕಿವಿ ಹೋದ ಹೆಂಗಸರು
ಕೈಸನ್ನೆಯಲ್ಲಿ ಹರಟುತ್ತಿದ್ದರಂತೆ, ಅದಿಲ್ಲ.

ಸಾವಿರದ ಎಂಟುನೂರ ಎಪ್ಪತ್ತೊಂಬತ್ತು:
ಡೋರ್ವರ್ಡ್, ಹೆಂಡ್ರಿ, ನಾವಿಕ.
ಎಂಬತ್ತು: ಅವನೇ, ಅದೇ ಓಣಿ.
ಎಂಬತ್ತೊಂದು: ಡೋರ್ವರ್ಡ್, ಶ್ರೀಮತಿ ಹೆಂ., ವಿಧವೆ,
ಬಟ್ಟೆ ಒತ್ತುವ ಉರುಳೆಯವಳು, ಮೂರನೇ ಮಹಡಿ, ಹಿಂಬದಿ.
ಗಂಡ ಹೋದ ಮೇಲಲ್ಲವೇ ಹೆಂಗಸಿಗೆ ಅಚ್ಚಿನ ಭಾಗ್ಯ,
ಅದೂ ಅವನ ಹೆಸರಿನ ಹಳೇ ಕೋಟು ಹೊದ್ದು.
ಗ್ರಿಜೆಲ್ ಎಂಬುದು ನನಗೆ ಸಿಕ್ಕಿದ್ದು
ಚರ್ಚಿನ ಪುಸ್ತಕದಲ್ಲಿ, ಮಗುವಿನ ನಾಮಕರಣದ ಕೆಳಗೆ,
ಶಾಯಿ ಕದಡಿದ ಕಡೆ.

ಇಷ್ಟಕ್ಕೇ ಎದ್ದು ಬಂದಿದ್ದರೆ ಆಗುತ್ತಿತ್ತು.
ಇನ್ನಿಸ್ ಎಂಬ ಹುಡುಗ, ಕಪಾಟು ನೋಡಿಕೊಳ್ಳುವವನು,
ತಪ್ಪಿ ಆಬರ್ಡೀನಿನ ಡೈರೆಕ್ಟರಿ ತಂದಿಟ್ಟ, ಎಂಬತ್ಮೂರರದ್ದು.
ವಾಪಸು ಕೊಡುವ ಮೊದಲು, ಸುಮ್ಮನೆ, ‘ಡ’ ತೆರೆದೆ.
ಡೋರ್ವರ್ಡ್, ಹೆಂಡ್ರಿ, ದೀಪದೆಣ್ಣೆ ಮತ್ತು ಬತ್ತಿಯ ವ್ಯಾಪಾರಿ.
ಹಿಂದಿನ ಹಾಳೆಗಳಲ್ಲಿ ಚೌಕಟ್ಟು ಕಟ್ಟಿದ ಜಾಹೀರಾತು ಬೇರೆ:
‘ಡಂಡೀಯ ತಿಮಿಂಗಿಲ ಹಡಗುಗಳಲ್ಲಿ ಹನ್ನೊಂದು ವರ್ಷ ದುಡಿದವನು,
ಎಣ್ಣೆಯ ಗುಣ ಬಲ್ಲವನು. ಮನೆ ಬಾಗಿಲಿಗೆ ತಲುಪಿಸಲಾಗುವುದು.’

ಯಾರ ಮನೆ ಬಾಗಿಲಿಗೆ, ಮಹರಾಯ?

ಕಿಟಕಿಯಾಚೆ ಟೇ ನದಿ ಬೂದಿ ಬಣ್ಣಕ್ಕೆ ತಿರುಗಿತ್ತು.
ಸುಳ್ಳಿ, ಎಂದುಕೊಂಡೆ ಗ್ರಿಜೆಲಳನ್ನು,
ಎಂದುಕೊಂಡು ನಾಲಿಗೆ ಕಚ್ಚಿಕೊಂಡೆ.
ಡೈರೆಕ್ಟರಿಗೆ ಹೆಸರು ಕಲೆಹಾಕುವವನು
ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿ ಬಂದಿರಬೇಕು.
ಅವಳು ಉರುಳೆ ತಿರುಗಿಸುತ್ತಿದ್ದಳು,
ಯಾರದೋ ಮೇಜುಬಟ್ಟೆ ಅರ್ಧ ಒಳಗೆ ಅರ್ಧ ಹೊರಗೆ,
ನಿಲ್ಲಿಸಿದರೆ ಗೆರೆ ಬೀಳುತ್ತದೆ.
‘ಯಜಮಾನರು?’
‘ಹೋದರು.’
ಅವನು ಟೋಪಿ ತೆಗೆದ.
ಟೋಪಿ ತೆಗೆದವನಿಗೆ ಇನ್ನೇನು ವಿವರಿಸುವುದು,
ಬಾಡಿಗೆ ಕೇಳಲು ಬರುವವನೂ ನಾಳೆಯಿಂದ
ಸ್ವಲ್ಪ ಮೆಲ್ಲಗೆ ಕದ ತಟ್ಟುವುದಾದರೆ.

ಇಪ್ಪತ್ತೆರಡು ವರ್ಷ ಅವಳು ಅದನ್ನು ತಿದ್ದಿಸಲಿಲ್ಲ.
ಅವನೂ ಅಲ್ಲಿ ಬತ್ತಿ ಮಾರುತ್ತ ತಿದ್ದಿಸಲಿಲ್ಲ;
ಈ ಊರಿನ ಪುಸ್ತಕ ಅವನೇಕೆ ಓದುತ್ತಾನೆ!
ಸಾವಿರದ ಒಂಬೈನೂರ ಮೂರರಲ್ಲಿ ಆ ಮಹಡಿಗೆ
ಒಬ್ಬ ಗಡಿಯಾರ ರಿಪೇರಿಯವನು ಬಂದಿದ್ದಾನೆ.

ವಂಶವೃಕ್ಷದ ಹಾಳೆಯಲ್ಲಿ ಹೆಂಡ್ರಿಯ ಮರಣದ ಚೌಕ ಖಾಲಿಯಿದೆ.
ಪೆನ್ಸಿಲು ಹಿಡಿದು ಬಹಳ ಹೊತ್ತು ಕೂತೆ.
ಇನ್ನಿಸ್ ದೀಪ ಒಂದೊಂದೇ ಆರಿಸುತ್ತ ಬಂದ.

ಅಮ್ಮನಿಗೆ ಗೊತ್ತಿತ್ತೇ?
ಆ ಕತೆ ಹೇಳಿದ ದಿನವೆಲ್ಲ
ಸೂಪಿಗೆ ಎರಡು ಸಲ ಉಪ್ಪು ಬಿದ್ದಿರುತ್ತಿತ್ತು.
ನಾವು ಮಾತಾಡದೆ ಉಣ್ಣುತ್ತಿದ್ದೆವು.